ಅರವತ್ತು ದಾಟಿದವರ ಫೋನು, ಬ್ಯಾಂಕು, ವಾಟ್ಸಾಪ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಂಚಣಿ ಬಂತಾ ಎಂದು ನೋಡುವುದು, ಕರೆಂಟ್ ಬಿಲ್ ಕಟ್ಟುವುದು, ದೂರದ ಮೊಮ್ಮಗಳ ಮುಖ ನೋಡುವುದು ಎಲ್ಲವೂ ಈಗ ಒಂದೇ ಫೋನಿನಲ್ಲಿ. ಹಿರಿಯರು ಮತ್ತು ಅವರ ಮಕ್ಕಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ದುಡ್ಡು ಈಗಷ್ಟೇ ಹೋಗಿದೆ ಅನ್ನುವವರು ಮೊದಲ ಪ್ರಶ್ನೆಯನ್ನಷ್ಟೇ ಓದಿ, ಫೋನ್ ಎತ್ತಿಕೊಳ್ಳಿ. ಉಳಿದದ್ದನ್ನು ಆಮೇಲೆ ನೋಡಿದರಾಯಿತು.

ಖಾತೆಯಿಂದ ದುಡ್ಡು ಹೋಯ್ತು. ಮೊದಲು ಏನು ಮಾಡಬೇಕು?

1930ಕ್ಕೆ ಕರೆ ಮಾಡಿ. ಇದು ಇಡೀ ದೇಶಕ್ಕೆ ಒಂದೇ ಇರುವ ಸೈಬರ್ ವಂಚನೆಯ ಸಹಾಯವಾಣಿ. ಅಲ್ಲಿ ದೂರು ದಾಖಲಾದರೆ ಹಣ ಹೋಗಿರುವ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಹಣ ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು. ಆದರೆ ಕಳ್ಳರು ಬಂದ ದುಡ್ಡನ್ನು ನಿಮಿಷಗಳಲ್ಲಿ ಬೇರೆ ಬೇರೆ ಖಾತೆಗಳಿಗೆ ಹಂಚಿಬಿಡುತ್ತಾರೆ. ಹಾಗಾಗಿ ಮೊದಲ ಒಂದು ಗಂಟೆ ತುಂಬಾ ಮುಖ್ಯ.

ಬ್ಯಾಂಕಿನ ಹೆಸರು, ಹೋದ ಮೊತ್ತ, ಹೋದ ಸಮಯ, ಬ್ಯಾಂಕಿನ ಮೆಸೇಜಿನಲ್ಲಿರುವ ವಹಿವಾಟಿನ ಸಂಖ್ಯೆ, ಇಷ್ಟು ಕೈಯಲ್ಲಿರಲಿ. ಆಮೇಲೆ ಬ್ಯಾಂಕಿಗೆ ಕರೆ ಮಾಡಿ ಕಾರ್ಡ್, ಯುಪಿಐ, ನೆಟ್ ಬ್ಯಾಂಕಿಂಗ್ ಮೂರನ್ನೂ ನಿಲ್ಲಿಸಲು ಹೇಳಿ. 1930 ಬಿಜಿ ಬಂದರೆ ಸುಮ್ನೆ ಕಾಯುತ್ತಾ ಕೂರಬೇಡಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಜಾಲತಾಣದಲ್ಲಿ ದೂರು ಕೊಡಿ, ಇಲ್ಲವೇ ಹತ್ತಿರದ ಪೊಲೀಸ್ ಠಾಣೆಗೆ ಹೋಗಿ. ಕರ್ನಾಟಕದ ಜಿಲ್ಲೆಗಳಲ್ಲಿ ಇಂಥ ಪ್ರಕರಣಗಳಿಗೆಂದೇ ಸಿಇಎನ್ ಠಾಣೆಗಳಿವೆ. ಮೆಸೇಜು, ಕರೆಗಳ ಪಟ್ಟಿ, ಚಾಟ್ ಯಾವುದನ್ನೂ ಅಳಿಸಬೇಡಿ.

ಮಗನಿಗೆ ಗೊತ್ತಾದರೆ ಬೈತಾನೆ, ಸಂಜೆ ನಿಧಾನಕ್ಕೆ ಹೇಳೋಣ ಎಂದು ದಯವಿಟ್ಟು ಕಾಯಬೇಡಿ. ಕಳ್ಳನಿಗೆ ಬೇಕಿರುವುದೇ ಆ ಸಂಜೆಯವರೆಗಿನ ಸಮಯ.

ಹೋದ ದುಡ್ಡು ವಾಪಸ್ ಬರುತ್ತಾ?

ಕೆಲವೊಮ್ಮೆ ಬರುತ್ತದೆ, ಪೂರ್ತಿ ಬರುವ ಖಾತ್ರಿ ಇಲ್ಲ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯಲ್ಲಿ ಒಂದು ಮುಖ್ಯ ನಿಯಮವಿದೆ. ನಿಮ್ಮ ತಪ್ಪಾಗಲಿ ಬ್ಯಾಂಕಿನ ತಪ್ಪಾಗಲಿ ಇಲ್ಲದೆ ಹೊರಗಿನವರು ಹಣ ಎಳೆದುಕೊಂಡಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ 3 ಕೆಲಸದ ದಿನಗಳ ಒಳಗೆ ನೀವು ತಿಳಿಸಿದರೆ ನಷ್ಟ ನಿಮ್ಮ ಮೇಲೆ ಬೀಳುವುದಿಲ್ಲ. ನೀವೇ ಒಟಿಪಿ ಅಥವಾ ಪಿನ್ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು. ತಿಳಿಸಿದ ನಂತರವೂ ಹಣ ಹೋದರೆ ಅದು ಬ್ಯಾಂಕಿನದು. ಎರಡೂ ಸಂದರ್ಭದಲ್ಲಿ ಬೇಗ ತಿಳಿಸಿದಷ್ಟೂ ನಿಮಗೇ ಲಾಭ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. 30 ದಿನದಲ್ಲಿ ಬ್ಯಾಂಕಿನಿಂದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ಇನ್ನೊಂದು ಎಚ್ಚರಿಕೆ. ಒಮ್ಮೆ ಮೋಸ ಹೋದವರಿಗೆ ಕೆಲವು ದಿನಗಳ ನಂತರ "ನಿಮ್ಮ ದುಡ್ಡು ವಾಪಸ್ ಕೊಡಿಸ್ತೀವಿ, ಸ್ವಲ್ಪ ಫೀಸ್ ಕಟ್ಟಿ" ಎಂಬ ಕರೆ ಬರುತ್ತದೆ. ವಕೀಲರು ಅಂತಾರೆ, ಸೈಬರ್ ಪೊಲೀಸ್ ಅಂತಾರೆ. ಅದು ಎರಡನೇ ಮೋಸ.

ದಿನಕ್ಕೊಂದು ಹೊಸ ಆ್ಯಪ್ ಬರುತ್ತೆ. ಈ ವಯಸ್ಸಲ್ಲಿ ಎಲ್ಲ ಕಲಿಯೋಕೆ ಆಗುತ್ತಾ?

ಎಲ್ಲವನ್ನೂ ಕಲಿಯುವ ಅಗತ್ಯವೇ ಇಲ್ಲ. ಆ್ಯಪ್ ಬದಲಾಗುತ್ತದೆ, ಪರದೆ ಬದಲಾಗುತ್ತದೆ, ಕಳ್ಳನ ಮಾತಿನ ಧಾಟಿ ಬದಲಾಗುವುದಿಲ್ಲ. ಅವನು ಹೆದರಿಸುತ್ತಾನೆ ಅಥವಾ ಆಸೆ ತೋರಿಸುತ್ತಾನೆ. ಅವಸರ ಮಾಡುತ್ತಾನೆ. ಯಾರಿಗೂ ಹೇಳಬೇಡಿ ಅನ್ನುತ್ತಾನೆ. ಈ ಮೂರು ಒಟ್ಟಿಗೆ ಕಂಡರೆ ಎದುರಿಗಿರುವುದು ಯಾವ ತಂತ್ರಜ್ಞಾನ ಎಂದು ತಲೆಕೆಡಿಸಿಕೊಳ್ಳಬೇಡಿ, ಫೋನ್ ಇಟ್ಟುಬಿಡಿ.

ಆಮೇಲೆ ನೀವಾಗಿ ಕರೆ ಮಾಡಿ ವಿಚಾರಿಸಿ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ: ತಾನಾಗಿ ಬಂದ ಕರೆಯಲ್ಲಿ ಹಣದ ವ್ಯವಹಾರ ಮಾಡಬಾರದು. ಬ್ಯಾಂಕಿನಿಂದ ಎಂದರೆ ಕಾರ್ಡಿನ ಹಿಂದಿರುವ ನಂಬರಿಗೆ ನೀವೇ ಮಾಡಿ. ಕರೆಂಟ್ ಆಫೀಸ್ ಎಂದರೆ 1912ಕ್ಕೆ ಮಾಡಿ. ಮಗನಿಗೆ ಅಪಘಾತವಾಗಿದೆ ಎಂದರೆ ಮಗನ ಹಳೆಯ ನಂಬರಿಗೇ ಮಾಡಿ. ಇಷ್ಟಕ್ಕೆ ಯಾವ ಹೊಸ ವಿದ್ಯೆಯೂ ಬೇಡ, ಅಲ್ವಾ?

ಪೊಲೀಸ್ ಸಮವಸ್ತ್ರದಲ್ಲಿರುವವರು ವಿಡಿಯೊ ಕಾಲ್ ಮಾಡಿ "ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ" ಅಂದರು. ನಿಜವೇ?

ಸುಳ್ಳು. ನಮ್ಮ ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ. ಪ್ರಧಾನಿಯವರೂ 2024ರ ಅಕ್ಟೋಬರ್ 27ರ ಮನ್ ಕಿ ಬಾತ್‌ನಲ್ಲಿ ಇದನ್ನೇ ಹೇಳಿದ್ದರು.

ಇದು ನಡೆಯುವ ರೀತಿ ಗೊತ್ತಿದ್ದರೆ ಭಯ ಕಡಿಮೆಯಾಗುತ್ತದೆ. ಮೊದಲ ಕರೆ ಕೊರಿಯರ್ ಕಂಪನಿಯ ಹೆಸರಲ್ಲೋ ಟೆಲಿಕಾಂ ಇಲಾಖೆಯ ಹೆಸರಲ್ಲೋ ಬರುತ್ತದೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಅಥವಾ ನಿಮ್ಮ ಆಧಾರ್ ಬಳಸಿ ಯಾರೋ ಮುಂಬೈಯಲ್ಲಿ ಖಾತೆ ತೆರೆದಿದ್ದಾರೆ ಅನ್ನುತ್ತಾರೆ. ನಂತರ ವಿಡಿಯೊ ಕಾಲ್‌ನಲ್ಲಿ 'ಸಿಬಿಐ ಅಧಿಕಾರಿ' ಬರುತ್ತಾನೆ. ಹಿಂದೆ ಠಾಣೆಯಂಥ ಕೋಣೆ, ಗೋಡೆಯ ಮೇಲೆ ಲಾಂಛನ. ಕ್ಯಾಮೆರಾ ಆಫ್ ಮಾಡಬೇಡಿ, ಕೋಣೆಯಿಂದ ಹೊರಗೆ ಹೋಗಬೇಡಿ, ಹೆಂಡತಿಗೂ ಹೇಳಬೇಡಿ ಎಂದು ಕಟ್ಟಿಹಾಕುತ್ತಾರೆ. ಕೊನೆಗೆ "ನಿಮ್ಮ ಹಣ ಪರಿಶೀಲನೆಗೆ ಈ ಖಾತೆಗೆ ಹಾಕಿ, ತನಿಖೆ ಮುಗಿದ ಮೇಲೆ ವಾಪಸ್ ಬರುತ್ತದೆ" ಎಂಬ ಮಾತು. ಇದಕ್ಕಾಗಿ ಜನ ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸುತ್ತಾರೆ. ಮ್ಯಾನೇಜರ್ ಯಾಕೆ ಎಂದು ಕೇಳಿದರೆ ಯಾವ ಸುಳ್ಳು ಹೇಳಬೇಕು ಎಂಬುದನ್ನೂ ಕಳ್ಳರೇ ಕಲಿಸಿ ಕಳಿಸಿರುತ್ತಾರೆ.

ಹರಿಯಾಣದ ಅಂಬಾಲದ ವೃದ್ಧ ದಂಪತಿಗೆ ಸುಪ್ರೀಂ ಕೋರ್ಟಿನದೇ ನಕಲಿ ಆದೇಶ ತೋರಿಸಿ ಕೋಟಿಗೂ ಹೆಚ್ಚು ಹಣ ದೋಚಿದ್ದರು. ಅವರ ಪತ್ರದ ಮೇಲೆ 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು; ಡಿಸೆಂಬರ್‌ನಲ್ಲಿ ಡಿಜಿಟಲ್ ಅರೆಸ್ಟ್ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ವಹಿಸಿತು. ಓದು ಬರಹ ಬಲ್ಲವರು, ದೊಡ್ಡ ಹುದ್ದೆಯಿಂದ ನಿವೃತ್ತರಾದವರು ಇದರಲ್ಲಿ ಸಿಕ್ಕಿಬೀಳುತ್ತಿದ್ದಾರೆ. ಜೀವನಪೂರ್ತಿ ಕಾನೂನಿಗೆ ತಲೆಬಾಗಿ ಬದುಕಿದವರಿಗೆ ಪೊಲೀಸ್ ಎಂಬ ಮಾತು ಕೇಳಿದರೇ ಕೈಕಾಲು ನಡುಗುತ್ತದೆ. ಆ ಒಳ್ಳೆಯತನವನ್ನೇ ಕಳ್ಳರು ಹಿಡಿದುಕೊಳ್ಳುತ್ತಾರೆ. ಇದು ದಡ್ಡತನವಲ್ಲ.

ಕರೆ ಬಂದರೆ ಕತ್ತರಿಸಿ. ಉತ್ತರ ಕೊಡಬೇಕಾದ ಸೌಜನ್ಯ ಬೇಡ. ಬಂಧನಕ್ಕೆ ಸಂಬಂಧಿಸಿದ ವಿಚಾರಣೆಯ ನೋಟಿಸನ್ನು ಪೊಲೀಸರು ವಾಟ್ಸಾಪ್‌ನಲ್ಲಿ ಕೊಡುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅನುಮಾನ ಉಳಿದರೆ ಎದ್ದು ಪಕ್ಕದ ಮನೆಗೆ ಹೋಗಿ, ಇಲ್ಲವೇ ನಿಜವಾದ ಠಾಣೆಗೆ ಹೋಗಿ ಕೇಳಿ. ಈಗಾಗಲೇ ಬ್ಯಾಂಕಿನ ಕೌಂಟರ್ ಮುಂದೆ ನಿಂತಿದ್ದೀರಾ? ಮ್ಯಾನೇಜರ್‌ಗೆ ನಡೆದದ್ದನ್ನು ಹಾಗೇ ಹೇಳಿ. ಬ್ಯಾಂಕ್ ಸಿಬ್ಬಂದಿ ಅನುಮಾನಪಟ್ಟು ತಡೆದಿದ್ದರಿಂದಲೇ ಉಳಿದ ಹಣ ಎಷ್ಟೋ ಇದೆ.

ಒಟಿಪಿ ಯಾರಿಗೂ ಹೇಳಬೇಡಿ ಅಂತೀರಿ. ಗ್ಯಾಸ್ ತರೋ ಹುಡುಗ ಕೇಳ್ತಾನಲ್ಲ?

ಒಳ್ಳೆಯ ಪ್ರಶ್ನೆ. "ಯಾರಿಗೂ ಹೇಳಬೇಡಿ" ಎಂಬ ಒಂದೇ ಸಾಲಿನ ಉಪದೇಶ ಈಗ ಸಾಲದು. ಸಿಲಿಂಡರ್ ಕೊಡುವಾಗ ಕೋಡ್ ಬೇಕು, ಆಟೊ ಹತ್ತುವಾಗ ಚಾಲಕನಿಗೆ ಪಿನ್ ಹೇಳಬೇಕು, ಕೆಲವು ಪಾರ್ಸೆಲ್‌ಗಳಿಗೂ ಕೋಡ್ ಇರುತ್ತದೆ. ಹಾಗಾಗಿ ಮೆಸೇಜನ್ನು ಪೂರ್ತಿ ಓದುವ ಅಭ್ಯಾಸ ಬೇಕು. ಅಂಕಿಯ ಅಕ್ಕಪಕ್ಕದಲ್ಲೇ ಅದು ಯಾವುದಕ್ಕೆ ಎಂದು ಬರೆದಿರುತ್ತದೆ. ನೀವೇ ಬುಕ್ ಮಾಡಿದ ಸಿಲಿಂಡರ್ ಬಾಗಿಲಲ್ಲಿ ಕಣ್ಣಿಗೆ ಕಾಣುತ್ತಿದೆ, ಮೆಸೇಜ್‌ನಲ್ಲಿ ಗ್ಯಾಸ್ ಕಂಪನಿಯ ಹೆಸರಿದೆ ಎಂದರೆ ಹೇಳಿ. ಬ್ಯಾಂಕಿನ ಹೆಸರು, ರೂಪಾಯಿ ಮೊತ್ತ, ಲಾಗಿನ್, ವಾಟ್ಸಾಪ್, ಆಧಾರ್ ಎಂಬ ಪದ ಕಂಡರೆ ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. "ಆರ್ಡರ್ ಕ್ಯಾನ್ಸಲ್ ಮಾಡೋಕೆ ಒಟಿಪಿ ಹೇಳಿ" ಅನ್ನುವ, ನೀವು ಏನೂ ತರಿಸದೇ ಬಂದ ಡೆಲಿವರಿಯವನಿಗೂ ಬೇಡ.

ಮೆಸೇಜ್ ಇಂಗ್ಲಿಷ್‌ನಲ್ಲಿದ್ದು ಓದಲು ಕಷ್ಟವಾದರೆ ಅವನನ್ನು ಬಾಗಿಲಲ್ಲೇ ಎರಡು ನಿಮಿಷ ನಿಲ್ಲಿಸಿ. ಪಕ್ಕದವರನ್ನು ಕೇಳಿ.

ದುಡ್ಡು ಬರಬೇಕಾದ್ರೆ ಯುಪಿಐ ಪಿನ್ ಹಾಕಬೇಕಾ?

ಬೇಡ. ದುಡ್ಡು ಬರಲು ಪಿನ್ ಬೇಡ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದೂ ಬೇಡ. ಹಳೇ ಮಂಚ, ಫ್ರಿಜ್ ಮಾರಲು ಜಾಹೀರಾತು ಹಾಕಿದಾಗ ಈ ಮೋಸ ಜಾಸ್ತಿ. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ "ಹಣ ಕಳಿಸಿ" ಎಂದು ಯುಪಿಐನಲ್ಲಿ ಕಳಿಸುತ್ತಿದ್ದ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ವ್ಯಾಪಾರಿಗಳಿಂದ ಬರುವ ಕೋರಿಕೆ ಈಗಲೂ ಇದೆ, ಹಾಗಾಗಿ ಪರದೆ ಓದದೆ ಪಿನ್ ಒತ್ತಬೇಡಿ.

"ತಪ್ಪಾಗಿ ನಿಮಗೆ 5,000 ಹಾಕಿದೆ, ವಾಪಸ್ ಕಳಿಸಿ" ಎಂದು ಅಳುವವರೂ ಇದ್ದಾರೆ. ಅವರು ಕಳಿಸಿದ ಮೆಸೇಜ್ ನಂಬಬೇಡಿ, ಖಾತೆಯ ಬ್ಯಾಲೆನ್ಸ್ ನೋಡಿ. ನಿಜವಾಗಿ ಬಂದಿದ್ದರೂ ನೀವಾಗಿ ಕಳಿಸಬೇಡಿ. ನಮ್ಮಿಬ್ಬರ ಬ್ಯಾಂಕಿನ ಮೂಲಕ ಸರಿಮಾಡಿಸಿಕೊಳ್ಳಿ ಎಂದು ಹೇಳಿ.

"ಇವತ್ತು ರಾತ್ರಿ ಕರೆಂಟ್ ಕಟ್ ಆಗುತ್ತೆ", "ಕೆವೈಸಿ ಮುಗಿದಿದೆ" ಎಂಬ ಮೆಸೇಜ್ ಅಸಲಿಯೋ ನಕಲಿಯೋ ಹೇಗೆ ತಿಳಿಯೋದು?

ಕಳಿಸಿದವರ ಹೆಸರಿರುವ ಜಾಗ ನೋಡಿ. ಮಾಮೂಲಿ ಹತ್ತು ಅಂಕಿಯ ಮೊಬೈಲ್ ನಂಬರಿನಿಂದ ಬಂದಿದ್ದರೆ ಅದು ಬೆಸ್ಕಾಂ ಅಲ್ಲ, ಬ್ಯಾಂಕೂ ಅಲ್ಲ. ಬ್ಯಾಂಕು, ಸರ್ಕಾರದ ಎಸ್‌ಎಂಎಸ್‌ಗಳು ಇಂಗ್ಲಿಷ್ ಅಕ್ಷರಗಳ ಹೆಸರಿನಿಂದ ಬರುತ್ತವೆ. ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ ನಿಯಮದಂತೆ ಆ ಹೆಸರಿನ ಕೊನೆಯಲ್ಲಿ ಗೆರೆ ಎಳೆದು ಒಂದು ಅಕ್ಷರ ಇರುತ್ತದೆ: ಜಿ ಎಂದರೆ ಸರ್ಕಾರ, ಟಿ ಎಂದರೆ ವಹಿವಾಟು, ಎಸ್ ಎಂದರೆ ಸೇವೆ, ಪಿ ಎಂದರೆ ಜಾಹೀರಾತು. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ. ಬ್ಯಾಂಕುಗಳ ಜಾಲತಾಣಗಳೂ ಬ್ಯಾಂಕ್ ಡಾಟ್ ಇನ್ ಎಂದು ಕೊನೆಯಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು, ಅದಕ್ಕೆ 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು.

ಇವೆಲ್ಲ ಸಹಾಯಕ್ಕೆ ಬರುವ ಗುರುತುಗಳು, ಅಷ್ಟೆ. ಗುರುತು ಸರಿ ಇದ್ದರೂ ಮೆಸೇಜಿನಲ್ಲಿರುವ ಲಿಂಕ್ ಒತ್ತದೆ, ಆ್ಯಪ್ ತೆರೆದೋ ಶಾಖೆಗೆ ಹೋಗಿಯೋ ನೋಡುವುದೇ ಒಳ್ಳೆಯದು. ಕೆವೈಸಿಗಾಗಿ ಬ್ಯಾಂಕಿಗೆ ಹೋಗುವುದರಲ್ಲಿ ಹಿಂದುಳಿದವರಾಗುವ ಪ್ರಶ್ನೆಯೇ ಇಲ್ಲ.

ಗೂಗಲ್‌ನಲ್ಲಿ ಹುಡುಕಿದ ಕಸ್ಟಮರ್ ಕೇರ್ ನಂಬರಿಗೆ ನಾನೇ ಕರೆ ಮಾಡಿದೆ. ಅದೂ ಮೋಸವಾಗಬಹುದಾ?

ಆಗಬಹುದು. ಹುಡುಕಾಟದಲ್ಲಿ ಮೇಲೆ ಬರುವ ನಂಬರುಗಳಲ್ಲಿ ಕಳ್ಳರು ಹಾಕಿದವೂ ಇರುತ್ತವೆ. ನಂಬರನ್ನು ಕಾರ್ಡಿನ ಹಿಂಬದಿ, ಪಾಸ್‌ಬುಕ್, ಬಿಲ್ಲು ಅಥವಾ ಕಂಪನಿಯ ಆ್ಯಪ್‌ನಿಂದ ತೆಗೆದುಕೊಳ್ಳಿ. ಸಹಾಯ ಮಾಡುತ್ತೇನೆ ಎಂದು ನಿಮ್ಮ ಪರದೆಯನ್ನು ಬೇರೆಯವರಿಗೆ ತೋರಿಸುವ ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್ ಹಾಕಿಕೊಳ್ಳಿ ಎಂದರೆ ಅಥವಾ ವಾಟ್ಸಾಪ್ ವಿಡಿಯೊ ಕಾಲ್‌ನಲ್ಲಿ ಸ್ಕ್ರೀನ್ ಶೇರ್ ಮಾಡಿ ಎಂದರೆ ಅಲ್ಲಿಗೇ ನಿಲ್ಲಿಸಿ. ಆ ಮೇಲೆ ನಿಮ್ಮ ಪರದೆಯಲ್ಲಿ ಬರುವ ಒಟಿಪಿಯನ್ನು ನೀವು ಹೇಳಬೇಕಾಗಿಯೇ ಇಲ್ಲ, ಅವರೇ ಓದಿಕೊಳ್ಳುತ್ತಾರೆ.

ವಾಟ್ಸಾಪ್‌ನಲ್ಲಿ ಮದುವೆ ಕಾಗದ ಬಂತು. ತೆರೆದಾಗ ಏನೋ ಇನ್‌ಸ್ಟಾಲ್ ಮಾಡಲು ಕೇಳಿತು.

ಮದುವೆ ಕಾಗದ ಚಿತ್ರವಾಗಿ ಅಥವಾ ಪಿಡಿಎಫ್ ಆಗಿ ಬರುತ್ತದೆ. ಇನ್‌ಸ್ಟಾಲ್ ಆಗಬೇಕೆಂದು ಕೇಳುವುದು ಎಪಿಕೆ ಎಂಬ ಕಡತ, ಅಂದರೆ ಒಂದು ಆ್ಯಪ್. ಟ್ರಾಫಿಕ್ ದಂಡದ ಚಲನ್, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಎಂಬ ಹೆಸರಲ್ಲೂ ಇವು ಬರುತ್ತವೆ. ಒಳಗೆ ಹೊಕ್ಕ ಮೇಲೆ ನಿಮ್ಮ ಎಸ್‌ಎಂಎಸ್‌ಗಳನ್ನು ಕಳ್ಳನಿಗೆ ಕಳಿಸುತ್ತಾ ಕೂರುತ್ತವೆ. ಪರಿಚಿತರ ನಂಬರಿನಿಂದಲೇ ಬಂದಿರಬಹುದು, ಯಾಕೆಂದರೆ ಅವರ ಫೋನ್ ಮೊದಲೇ ಕಳ್ಳರ ಹಿಡಿತಕ್ಕೆ ಹೋಗಿರುತ್ತದೆ.

ಒತ್ತಿಬಿಟ್ಟಿದ್ದರೆ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ. ಇನ್ನೊಬ್ಬರ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಖಾತೆಯ ಆನ್‌ಲೈನ್ ವ್ಯವಹಾರ ನಿಲ್ಲಿಸಿ. ಆಮೇಲೆ ಗೊತ್ತಿರುವವರ ಹತ್ತಿರ ಆ ಆ್ಯಪ್ ತೆಗೆಸಿ. ಆ ಆ್ಯಪ್ ಕಣ್ಣಿಗೆ ಸಿಗದಿದ್ದರೆ ಫೋಟೊಗಳನ್ನು ತೆಗೆದಿಟ್ಟುಕೊಂಡು ಫೋನನ್ನು ಪೂರ್ತಿ ರೀಸೆಟ್ ಮಾಡಿಸುವುದೇ ಕ್ಷೇಮ. ಆ್ಯಪ್ ಬೇಕಿದ್ದರೆ ಪ್ಲೇಸ್ಟೋರ್ ಒಂದರಿಂದಲೇ ಹಾಕಿಕೊಳ್ಳಿ.

ಮೊಮ್ಮಗನ ದನಿಯಲ್ಲೇ ಕರೆ ಬಂದರೆ? ದೊಡ್ಡವರೇ ವಿಡಿಯೊದಲ್ಲಿ ಶೇರಿನ ಬಗ್ಗೆ ಹೇಳುತ್ತಿದ್ದರೆ?

ದನಿ, ಮುಖ ಎರಡನ್ನೂ ಈಗ ಯಂತ್ರದಿಂದ ಸೃಷ್ಟಿಸಬಹುದು. ನಾರಾಯಣ ಮೂರ್ತಿಯವರು ಯಾವುದೋ ಟ್ರೇಡಿಂಗ್ ಆ್ಯಪ್ ಹೊಗಳುವಂತೆ ನಕಲಿ ವಿಡಿಯೊಗಳು ಹರಿದಾಡಿದಾಗ, 2023ರ ಡಿಸೆಂಬರ್‌ನಲ್ಲಿ ಅವರೇ ಅವುಗಳನ್ನು ನಂಬಬೇಡಿ ಎಂದು ಎಚ್ಚರಿಸಿದ್ದರು. ಹಾಗಾಗಿ ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಎಂಬುದು ದುಡ್ಡಿನ ವಿಷಯದಲ್ಲಿ ಸಾಕ್ಷಿಯಲ್ಲ.

ಮನೆಯವರೆಲ್ಲ ಸೇರಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಅಜ್ಜಿ ಮನೆಯ ಹಸುವಿನ ಹೆಸರಾದರೂ ಆದೀತು. ಹಣ ಕೇಳುವ ಕರೆ ಬಂದಾಗ ಆ ಮಾತು ಕೇಳಿ. ಅದನ್ನು ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಹಂಚಬೇಡಿ, ಎದುರು ಕೂತು ಹೇಳಿಕೊಳ್ಳಿ.

ಪಾಸ್‌ವರ್ಡ್ ನೆನಪಿರಲ್ಲ. ಡೈರಿಯಲ್ಲಿ ಬರೆದಿಡಬಹುದಾ?

ಬರೆದಿಡಿ. ತಜ್ಞರು ಅನೇಕರು ಬೇಡ ಅಂತಾರೆ, ನಾನು ಒಪ್ಪುವುದಿಲ್ಲ. ಊರಾಚೆಯ ಕಳ್ಳ ನಿಮ್ಮ ಬೀರುವಿನ ಡೈರಿ ಓದಲಾರ. ಎಲ್ಲದಕ್ಕೂ ಹುಟ್ಟಿದ ವರ್ಷವನ್ನೇ ಪಾಸ್‌ವರ್ಡ್ ಮಾಡಿದರೆ ಊಹಿಸಬಲ್ಲ. ಇಮೇಲ್, ಪಿಂಚಣಿ, ರೈಲ್ವೆ ಟಿಕೆಟ್ ಇವುಗಳ ಪಾಸ್‌ವರ್ಡ್‌ಗಳು ಡೈರಿಯಲ್ಲಿರಲಿ, ಡೈರಿ ಬೀರುವಿನಲ್ಲಿರಲಿ. ಎಟಿಎಂ ಪಿನ್, ಯುಪಿಐ ಪಿನ್ ಮಾತ್ರ ಬರೆಯಬೇಡಿ. ಫೋನಿನ ಕವರ್ ಒಳಗೆ ಚೀಟಿ ಇಡುವುದಂತೂ ಬೇಡವೇ ಬೇಡ.

ಬ್ಯಾಂಕಿನಲ್ಲಿರುವ ದುಡ್ಡನ್ನು ಮೊದಲೇ ಕಾಪಾಡಿಕೊಳ್ಳೋ ದಾರಿ ಇದೆಯಾ?

ಇದೆ, ಮತ್ತು ಇದು ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಯುಪಿಐಗೆ ಬೇರೆಯೇ ಒಂದು ಚಿಕ್ಕ ಖಾತೆ ಇಟ್ಟುಕೊಳ್ಳಿ. ತಿಂಗಳ ತರಕಾರಿ, ಔಷಧಿಗೆ ಬೇಕಾದಷ್ಟೇ ಅದರಲ್ಲಿರಲಿ. ಪಿಂಚಣಿ ಬರುವ ಖಾತೆಗೆ ಯುಪಿಐ ಜೋಡಿಸಬೇಡಿ. ಎಫ್‌ಡಿಯನ್ನು ಆನ್‌ಲೈನ್‌ನಲ್ಲಿ ಮುರಿಯಲಾಗದಂತೆ ಮಾಡಲು ಸಾಧ್ಯವೇ ಎಂದು ಶಾಖೆಯಲ್ಲಿ ಕೇಳಿ. ಕಾರ್ಡಿನಲ್ಲಿ ವಿದೇಶಿ ವಹಿವಾಟು, ಆನ್‌ಲೈನ್ ವಹಿವಾಟು ಆಫ್ ಮಾಡುವ, ಮಿತಿ ಇಳಿಸುವ ಸೌಲಭ್ಯ 2020ರ ಅಕ್ಟೋಬರ್‌ನಿಂದ ಇದೆ. ಬ್ಯಾಂಕಿನ ಆ್ಯಪ್ ಬಳಸಲು ಬರದಿದ್ದರೆ ಶಾಖೆಯಲ್ಲಿ ಕೇಳಿ ಮಾಡಿಸಿಕೊಳ್ಳಿ.

ಆಧಾರ್ ಬೆರಳಚ್ಚನ್ನು ಲಾಕ್ ಮಾಡಬೇಕಾ?

ಮಾಡುವುದು ಒಳ್ಳೆಯದು. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ ಕೆಲವರ ಖಾತೆಯಿಂದ ಒಟಿಪಿಯೇ ಇಲ್ಲದೆ ಹಣ ಹೋದ ದೂರುಗಳು ಬಂದಿದ್ದವು. ಬೆರಳಚ್ಚಿನ ನಕಲಿನಿಂದ ಆಧಾರ್ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯುವ ಮೋಸ ಅದು. ಆಧಾರ್ ಕೊಡುವ ಯುಐಡಿಎಐ ಸಂಸ್ಥೆಯ ಆ್ಯಪ್‌ನಲ್ಲೋ ಜಾಲತಾಣದಲ್ಲೋ ಲಾಕ್ ಮಾಡಬಹುದು; ಸಹಾಯಕ್ಕೆ 1947 ಇದೆ.

ಒಂದು ವಿಷಯ ನೆನಪಿಡಿ. ಲಾಕ್ ಇದ್ದರೆ ನವೆಂಬರ್‌ನಲ್ಲಿ ಪಿಂಚಣಿಗೆ ಬೇಕಾದ ಜೀವನ್ ಪ್ರಮಾಣ ಪತ್ರ ಮಾಡಿಸುವಾಗ ಬೆರಳು, ಮುಖ ಯಾವುದೂ ಹೊಂದಾಣಿಕೆಯಾಗುವುದಿಲ್ಲ. ಹೊರಡುವ ಮುನ್ನ ಅನ್‌ಲಾಕ್ ಮಾಡಿ, ಕೆಲಸ ಮುಗಿದ ಮೇಲೆ ಮತ್ತೆ ಲಾಕ್ ಮಾಡಿ. ಅದೇ ತಿಂಗಳಲ್ಲಿ "ಪಿಂಚಣಿ ನಿಲ್ಲುತ್ತೆ, ಜೀವನ್ ಪ್ರಮಾಣಕ್ಕೆ ಒಟಿಪಿ ಹೇಳಿ" ಎಂಬ ಕರೆಗಳೂ ಬರುತ್ತವೆ. ಫೋನಿನಲ್ಲಿ ಒಟಿಪಿ ಹೇಳಬೇಡಿ. ಆ ಕೆಲಸವನ್ನು ಅಂಚೆ ಕಚೇರಿ, ಬ್ಯಾಂಕ್ ಅಥವಾ ಸೇವಾ ಕೇಂದ್ರದಲ್ಲಿ ಎದುರಿಗೆ ನಿಂತು ಮಾಡಿಸಿ.

ನನ್ನ ವಾಟ್ಸಾಪ್ ಬೇರೆಯವರು ನೋಡ್ತಿದ್ದಾರಾ?

ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆಯಿರಿ. ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ, ಆರು ಅಂಕಿಯ ಪಿನ್ ಇಡಿ. ಪ್ರೈವೆಸಿಯಲ್ಲಿ, ಗ್ರೂಪಿಗೆ ಸೇರಿಸುವ ಹಕ್ಕು ನಿಮ್ಮ ಪರಿಚಿತರಿಗೆ ಮಾತ್ರ ಎಂದು ಮಾಡಿ. ಗೊತ್ತಿಲ್ಲದವರ ಕರೆ ಸದ್ದು ಮಾಡದಂತೆ ಇಡುವ ಆಯ್ಕೆಯೂ ಅಲ್ಲೇ ಇದೆ. ಶೇರು ಕಲಿಸುವ ಗ್ರೂಪುಗಳ ಕಾಟ ಇದರಿಂದಲೇ ಎಷ್ಟೋ ಕಡಿಮೆಯಾಗುತ್ತದೆ.

ಮಗ ಬಿಟ್ಟ ಹಳೆ ಫೋನ್ ಬಳಸ್ತಿದ್ದೀನಿ. ಸಾಕಲ್ವಾ?

ಮಾತಿಗೆ ಸಾಕು, ಬ್ಯಾಂಕಿಗೆ ಸಾಲದು. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ನೋಡಿ. ಎರಡು ಮೂರು ವರ್ಷ ಹಿಂದಿನದಾಗಿದ್ದರೆ ಅದರಲ್ಲಿ ದುಡ್ಡಿನ ಆ್ಯಪ್ ಇಡಬೇಡಿ. ಮಕ್ಕಳು ಅಪ್ಪ ಅಮ್ಮನಿಗೆ ಕೊಡಬೇಕಾದದ್ದು ಹೊಸ ಫೋನು, ದುಬಾರಿಯದೇ ಬೇಕಿಲ್ಲ. ಮನೆಯ ಕಂಪ್ಯೂಟರ್ ವಿಂಡೋಸ್ 10ರಲ್ಲಿದ್ದರೆ, ಅದಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ನಾನು ದೂರದ ಊರಲ್ಲಿದ್ದೇನೆ. ಅಪ್ಪ ಅಮ್ಮನಿಗೆ ಏನು ಮಾಡಲಿ?

ಮೇಲಿನ ಸೆಟ್ಟಿಂಗ್‌ಗಳನ್ನು ಊರಿಗೆ ಬಂದಾಗ ನೀವೇ ಕೂತು ಮಾಡಿಕೊಡಿ. ಅವರ ಕೈಯಿಂದಲೇ ಮಾಡಿಸಿ, ಫೋನ್ ಕಿತ್ತುಕೊಂಡು ಮಾಡಬೇಡಿ. 2024ರಲ್ಲಿ ಬಂದ ಯುಪಿಐ ಸರ್ಕಲ್ ನೋಡಿ. ಅದರಲ್ಲಿ ನಿಮ್ಮ ಖಾತೆಯಿಂದ ಅವರು ಪಾವತಿ ಮಾಡಬಹುದು. ಪ್ರತಿ ಸಲ ನಿಮ್ಮ ಒಪ್ಪಿಗೆ ಬೇಕೆಂದು ಇಡಬಹುದು, ಇಲ್ಲವೇ ತಿಂಗಳಿಗೆ 15,000 ರೂಪಾಯಿವರೆಗೆ ಮಿತಿ ಹಾಕಿ ಬಿಡಬಹುದು. ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಅವರ ಹೆಸರಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಬಹುದು, ಅನುಮಾನದ ಕರೆಗಳ ಬಗ್ಗೆ ದೂರನ್ನೂ ಕೊಡಬಹುದು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದದ್ದು, ಅವರು ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ನೀವು ಬೈಯದೆ ಎತ್ತುವುದು. "ಇಷ್ಟೂ ಗೊತ್ತಾಗಲ್ವಾ ಅಮ್ಮ?" ಎಂದು ಒಮ್ಮೆ ಅಂದರೆ, ಮುಂದಿನ ಸಲ ಅನುಮಾನ ಬಂದಾಗ ಅವರು ನಿಮ್ಮನ್ನು ಕೇಳುವುದಿಲ್ಲ.

ಮೋಸ ಹೋದ ಮೇಲೆ ಅಮ್ಮ ಯಾರ ಹತ್ತಿರವೂ ಮಾತಾಡ್ತಿಲ್ಲ, ಊಟ ಮಾಡ್ತಿಲ್ಲ.

ದುಡ್ಡಿನ ಲೆಕ್ಕವನ್ನು ಸ್ವಲ್ಪ ದಿನ ಅವರ ಮುಂದೆ ಎತ್ತಬೇಡಿ. ಪೊಲೀಸ್, ಬ್ಯಾಂಕ್ ಓಡಾಟ ನೀವು ವಹಿಸಿಕೊಳ್ಳಿ. ಅವರನ್ನು ಒಬ್ಬರನ್ನೇ ಬಿಡಬೇಡಿ. ಇಂಥ ಬೆದರಿಕೆ, ಅವಮಾನ ತಾಳಲಾರದೆ ಜೀವ ಕಳೆದುಕೊಂಡ ಹಿರಿಯರು ನಮ್ಮ ರಾಜ್ಯದಲ್ಲೇ ಇದ್ದಾರೆ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಕೇಂದ್ರ ಸಂಸ್ಥೆ. ಹಿರಿಯ ನಾಗರಿಕರಿಗೆಂದೇ ಇರುವ ಎಲ್ಡರ್‌ಲೈನ್ ನಂಬರು 14567. ಮೊದಲ ಸಲ ಕರೆ ಮಾಡುವಾಗ ಅಮ್ಮನ ಪಕ್ಕದಲ್ಲಿ ನೀವು ಕೂತಿರಿ, ಮಾತು ಮಾತ್ರ ಅವರೇ ಆಡಲಿ.